ನೂರು ತುಂಬಿದವರ ಮನೆಗೆ ಸರ್ಕಾರ ಬರಬೇಕಾ?

ಊರಲ್ಲಿ ಯಾರಿಗಾದರೂ ತೊಂಬತ್ತೋ ನೂರೋ ತುಂಬಿದರೆ ಪಂಚಾಯಿತಿ, ನಗರಸಭೆ ಅಥವಾ ಜಿಲ್ಲಾಡಳಿತ ಅದನ್ನು ಅಧಿಕೃತವಾಗಿ ಗುರುತಿಸಬೇಕಾ? ಹಾವೇರಿ ಕಡೆಯ ಮೊಮ್ಮಗಳೊಬ್ಬಳು ಬೇಕು ಅನ್ನುತ್ತಾಳೆ. ಬೆಟಗೇರಿಯ ನೇಕಾರರ ಮಗನೊಬ್ಬ ಬೇಡ ಅನ್ನುತ್ತಾನೆ.

ಪರ: ಒಂದು ಸಲವಾದರೂ ಅವರೇ ಬರಲಿ

ನಮ್ಮ ಆಯಿಗೆ ವಯಸ್ಸೆಷ್ಟು ಅಂತ ಕೇಳಿದರೆ ಆಕೆ ಇಸವಿ ಹೇಳುವುದಿಲ್ಲ. "ಹೊಸರಿತ್ಯಾಗ ಮಾದೇವಪ್ಪಗ ಗುಂಡು ಬಿದ್ದಾಗ ನಿಮ್ಮ ದೊಡ್ಡ ಮಾಮಾ ನನ್ನ ಬಗಲಾಗಿದ್ದ" ಅಂತಾಳೆ. ಮಾದೇವಪ್ಪ ಅಂದರೆ ಮೈಲಾರ ಮಹಾದೇವಪ್ಪ, ದಂಡಿಗೆ ಗಾಂಧೀಜಿ ಜೊತೆ ನಡೆದುಕೊಂಡು ಹೋದವರು. ಅವರು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ದೊಡ್ಡ ಮಾಮಾ ಆಯಿಯ ಚೊಚ್ಚಲ ಮಗ. ಆ ಕಾಲದ ಲೆಕ್ಕದಲ್ಲಿ ಆಕೆಗೆ ಆಗ ಹದಿನಾರೋ ಹದಿನೇಳೋ ಇರಬೇಕು. ಕೂಡಿಸಿ ನೋಡಿದರೆ ಈಗ ನೂರರ ಆಸುಪಾಸು. ಹುಟ್ಟಿದ ದಿನ ಯಾವುದು ಅಂದರೆ, ಪಂಚಮಿಗೆ ಜೋಕಾಲಿ ಕಟ್ಟುವ ಹೊತ್ತಿಗೆ ಹುಟ್ಟಿದ್ದು ಅಂತ ಅವರವ್ವ ಹೇಳಿದ್ದಳಂತೆ. ಆಧಾರ್ ಕಾರ್ಡಿನಲ್ಲಿ ಮಾತ್ರ ಜನವರಿ 1 ಅಂತ ಬಂದಿದೆ.

ಮದುವೆಯಾಗಿ ಬಂದ ಮನೆಯನ್ನು ಆಕೆ ಬಿಟ್ಟಿಲ್ಲ. ಆಕೆ ಕೂತಲ್ಲೇ ಕೂತಿದ್ದಾಳೆ, ಸರ್ಕಾರಗಳು ಬದಲಾದವು. ಬಂದಾಗ ಅದು ಬ್ರಿಟಿಷರ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1956ರಲ್ಲಿ ಮೈಸೂರು ರಾಜ್ಯ ಆಯಿತು, 1973ರಲ್ಲಿ ಕರ್ನಾಟಕ ಆಯಿತು, 1997ರಲ್ಲಿ ಹಾವೇರಿಯೇ ಜಿಲ್ಲೆ ಆಯಿತು. ಇಷ್ಟರಲ್ಲಿ ಒಂದು ಮಾತ್ರ ಬದಲಾಗಲಿಲ್ಲ. ಯಾವ ಸರ್ಕಾರವಿದ್ದರೂ ಆಕೆಯೇ ಅದರ ಬಾಗಿಲಿಗೆ ಹೋಗಬೇಕು. ಕಂದಾಯ ಕಟ್ಟಲು, ರೇಷನ್ ತರಲು, ಪಿಂಚಣಿ ಕೇಳಲು, ಅಜ್ಜ ತೀರಿಕೊಂಡ ಮೇಲೆ ಹೊಲ ತನ್ನ ಹೆಸರಿಗೆ ಮಾಡಿಸಿಕೊಳ್ಳಲು. ಹೋದಲ್ಲೆಲ್ಲ ತಾನು ಬದುಕಿದ್ದೇನೆ, ತಾನು ಇಂಥವಳೇ ಅಂತ ಆಕೆಯೇ ತೋರಿಸಿಕೊಡಬೇಕು. ರೇಷನ್ ಕಾರ್ಡಿನಲ್ಲಿ ಆಕೆಯ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಪಹಣಿಯಲ್ಲಿ ಮತ್ತೊಂದು ಥರ ಇದೆ. ನೂರು ವರ್ಷ ಒಬ್ಬಳೇ ಹೆಂಗಸು, ಆದರೆ ಕಾಗದದಲ್ಲಿ ಮೂವರು. ಒಂದು ಸಲವಾದರೂ ಸರಿಯಾಗಿ ಬರೆದ ಆಕೆಯ ಹೆಸರು ಹಿಡಿದುಕೊಂಡು ಸರ್ಕಾರವೇ ಆಕೆಯ ಹೊಸ್ತಿಲಿಗೆ ಬರಲಿ ಅಂತ ನನಗೆ ತುಂಬಾ ಆಸೆ.

ಮನೆಯವರೇ ಮಾಡಬಹುದಲ್ಲ, ಸರ್ಕಾರ ಯಾಕೆ ಅಂತ ಕೇಳುವವರಿದ್ದಾರೆ. ಇದಕ್ಕೆ ನಾನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚು ವರ್ಷ ಬದುಕಿದವರಿಗೆ ನಮ್ಮಲ್ಲಿ ಶಾಂತಿಗಳು ಇಲ್ಲ ಅಂತಲ್ಲ. ಅರವತ್ತಕ್ಕೆ ಷಷ್ಟ್ಯಬ್ದಿ ಇದೆ, ಎಪ್ಪತ್ತಕ್ಕೆ ಭೀಮರಥ ಶಾಂತಿ ಇದೆ, ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರ ಚಂದ್ರ ದರ್ಶನ ಇದೆ, ಮರಿಮಗನ ಮುಖ ನೋಡಿದವರಿಗೆ ಕನಕಾಭಿಷೇಕ ಇದೆ. ಆದರೆ ಇವು ಎಲ್ಲ ಮನೆಗಳಲ್ಲೂ ಇಲ್ಲ. ಕೆಲವು ಜಾತಿಗಳಲ್ಲಿ ಮಾತ್ರ ಇವೆ, ಅದರಲ್ಲೂ ಖರ್ಚು ಮಾಡುವ ಶಕ್ತಿ ಇದ್ದವರಲ್ಲಿ. ಅಲ್ಲಿಯೂ ನೋಡಿ, ಮಣೆ ಹಾಕುವುದು ಜೋಡಿಗೆ. ಗಂಡ-ಹೆಂಡತಿ ಹಾರ ಬದಲಾಯಿಸಿಕೊಂಡು, ಮೊಮ್ಮಕ್ಕಳು ಆರತಿ ಎತ್ತಿ, ಫೋಟೋ ತೆಗೆಸಿಕೊಂಡು ಆಗುವ ಸಂಭ್ರಮ ಅದು. ಒಂಟಿಯಾಗಿ ಉಳಿದ ಹೆಂಗಸಿಗೆ ಅಲ್ಲಿ ಮಣೆ ಎಲ್ಲಿದೆ?

ನಮ್ಮ ಆಯಿ ವಿಧವೆಯಾಗಿ ಐವತ್ತು ವರ್ಷ ದಾಟಿತು. ನನ್ನ ಕುಬಸದ, ಅಂದರೆ ಸೀಮಂತದ ದಿನ ಉಡಿ ತುಂಬುವಾಗ ಎಲ್ಲರೂ ಪಡಸಾಲೆಯಲ್ಲಿದ್ದರು, ಆಯಿ ಅಡುಗೆಮನೆಯಲ್ಲಿ ಉಳಿದಳು. ಬಾ ಅಂತ ನಾನೇ ಎದ್ದು ಹೋಗಿ ಕೈ ಹಿಡಿದೆ. "ನೀ ಹೋಗಿ ಕುಂದ್ರು, ನನಗ ಇಲ್ಲೇ ಕಾಣಿಸ್ತೈತಿ" ಅಂದಳು. ಅಡುಗೆಮನೆಯಿಂದ ಪಡಸಾಲೆ ಕಾಣುವುದಿಲ್ಲ, ನಡುವೆ ಗೋಡೆ ಇದೆ. ನಮ್ಮ ಮನೆಯಲ್ಲಿ ಎಷ್ಟೋ ಕುಬಸ, ಮದುವೆ, ತೊಟ್ಟಿಲು ಆದವು, ಆಯಿಯ ಕೈಯಡುಗೆ ಉಣ್ಣದೆ ಯಾವುದೂ ಆಗಲಿಲ್ಲ, ಆದರೆ ಒಂದರಲ್ಲೂ ಆಕೆ ಮುಂದೆ ಕೂತಿಲ್ಲ. ಮನೆಯ ಪದ್ಧತಿಯನ್ನು ಮನೆಯವರು ಬೇಗ ಮುರಿಯುವುದಿಲ್ಲ. ಪಂಚಾಯಿತಿ ಕೊಡುವ ಗೌರವ ಮಾತ್ರ ಗಂಡ ಇದ್ದಾನಾ ಅಂತ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಹೋಳಿಗೆ ಮಾಡಿಸುವ ಶಕ್ತಿ ಇದೆಯಾ ಅಂತಲೂ ಕೇಳುವುದಿಲ್ಲ. ಊರಿನವಳು, ನೂರು ವರ್ಷ ಬದುಕಿದ್ದಾಳೆ, ಅಷ್ಟು ಸಾಕು ಅದಕ್ಕೆ.

ಬೇರೆ ದೇಶಗಳಲ್ಲಿ ಇದು ಹೊಸದೇನಲ್ಲ. ಬ್ರಿಟನ್ನಿನಲ್ಲಿ 1917ರಿಂದ ನೂರು ತುಂಬಿದವರಿಗೆ ಅರಮನೆಯಿಂದ ಶುಭಾಶಯ ಹೋಗುತ್ತದೆ, ಆಗ ತಂತಿ, ಈಗ ಕಾರ್ಡು. ಜಪಾನಿನಲ್ಲಿ 1963ರಿಂದ ಬೆಳ್ಳಿ ಬಟ್ಟಲು ಕೊಡುತ್ತಾ ಬಂದಿದ್ದಾರೆ. ಐರ್ಲೆಂಡಿನಲ್ಲಿ ರಾಷ್ಟ್ರಪತಿಯ ಪತ್ರದ ಜೊತೆಗೆ 2,540 ಯೂರೊ ಕೂಡ. ನಮ್ಮ ದೇಶವೂ ಮಾಡಿಲ್ಲ ಅಂತಿಲ್ಲ. ಹೆಣ್ಣುಮಕ್ಕಳ ಓದಿಗಾಗಿ ದುಡಿದ ಮಹರ್ಷಿ ಕರ್ವೆಯವರಿಗೆ ನೂರು ತುಂಬಿದಾಗ 1958ರಲ್ಲಿ ಅಂಚೆ ಚೀಟಿ ಬಂತು, ವಿಶ್ವೇಶ್ವರಯ್ಯನವರ ನೂರಕ್ಕೆ 1960ರಲ್ಲಿ ಬಂತು. ಇಬ್ಬರೂ ಬದುಕಿದ್ದಾಗಲೇ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ, 90ಕ್ಕೆ ಶೇ 40, 100 ತುಂಬಿದರೆ ಶೇ 100, ಅಂದರೆ ದುಪ್ಪಟ್ಟು. ವಯಸ್ಸನ್ನು ಗುರುತಿಸಲು ಸರ್ಕಾರಕ್ಕೆ ಚೆನ್ನಾಗಿಯೇ ಬರುತ್ತದೆ ಅಂತಾಯಿತು. ದೊಡ್ಡವರ ನೂರಕ್ಕೆ, ನೌಕರಿ ಮಾಡಿದವರ ನೂರಕ್ಕೆ ಬೆಲೆ ಕಟ್ಟಿದ್ದಾರೆ. ಜೀವನವೆಲ್ಲ ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಮುರಿದು ರಾತ್ರಿ ಕೈ ಉರಿಗೆ ಎಣ್ಣೆ ಹಚ್ಚಿಕೊಂಡು ಮಲಗಿದವಳ ನೂರಕ್ಕೆ ಒಂದು ಹಾಳೆ ಕಾಗದವೂ ಇಲ್ಲ ಅಂದರೆ ಹೇಗೆ?

ತಾರೀಖು ಗೊತ್ತಿಲ್ಲದವರಿಗೆ ಏನು ಮಾಡುತ್ತೀರಿ ಅಂತ ಕೇಳಬಹುದು. ಅಕ್ಟೋಬರ್ 1 ವಿಶ್ವ ಹಿರಿಯರ ದಿನ. ಆ ದಿನವೇ ಹೋಗಲಿ. ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಆಶಾ ಕಾರ್ಯಕರ್ತೆ, ಮೂರು ಜನ ಸಾಕು. ವೇದಿಕೆ ಬೇಡ, ಮೈಕ್ ಬೇಡ. ಅವರ ಹೆಸರು, ಊರು, ವಯಸ್ಸು ತಪ್ಪಿಲ್ಲದೆ ಬರೆದ ಪತ್ರ ಕೊಟ್ಟು, ಹತ್ತು ನಿಮಿಷ ಕೂತು ಮಾತಾಡಿಸಿ ಬರಲಿ. ಮುಂದಿನ ಗ್ರಾಮಸಭೆಯಲ್ಲಿ ಆ ಹೆಸರು ಓದಲಿ. ಹೀಗೆ ಹೋಗಿ ನೋಡುವುದರಿಂದ ಇನ್ನೊಂದು ಲಾಭವೂ ಇದೆ. 2010ರಲ್ಲಿ ಟೋಕಿಯೊದಲ್ಲಿ ಅತಿ ಹಿರಿಯ ಗಂಡಸು ಅಂತ ಲೆಕ್ಕದಲ್ಲಿದ್ದವರಿಗೆ ಶುಭಾಶಯ ಹೇಳಲು ಅಧಿಕಾರಿಗಳು ಹೊರಟರು, ಮನೆಯವರು ಒಳಗೆ ಬಿಡಲಿಲ್ಲ, ಕೊನೆಗೆ ನೋಡಿದರೆ ಅವರು ತೀರಿಹೋಗಿ ಸುಮಾರು ಮೂವತ್ತು ವರ್ಷವಾಗಿತ್ತು. ಯಾರೂ ಬಾಗಿಲು ತಟ್ಟದಿದ್ದರೆ ಅದು ಹಾಗೇ ನಡೆದುಕೊಂಡು ಹೋಗುತ್ತಿತ್ತು. ನಮ್ಮಲ್ಲೂ ಹಾಸಿಗೆ ಹಿಡಿದ ಎಷ್ಟು ಅಜ್ಜ-ಅಜ್ಜಿಯರು ಹಿಂದಿನ ಕೋಣೆಯಲ್ಲಿ ಹೇಗಿದ್ದಾರೋ, ಹೊರಗಿನವರೊಬ್ಬರು ವರ್ಷಕ್ಕೊಮ್ಮೆ ಬಂದು ಮುಖ ನೋಡಿದರೆ ಒಳ್ಳೆಯದಲ್ವಾ?

ಇದು ಆಗುವ ಮಾತೇ. 2024ರ ಲೋಕಸಭಾ ಚುನಾವಣೆಯಲ್ಲಿ 85 ದಾಟಿದವರು ಮನೆಯಿಂದಲೇ ವೋಟು ಹಾಕಬಹುದಿತ್ತು. ನಮ್ಮ ಮನೆಗೂ ಬಂದರು. ಅಧಿಕಾರಿಗಳು, ಒಬ್ಬ ಪೊಲೀಸು, ಒಬ್ಬ ವಿಡಿಯೋ ಮಾಡುವ ಹುಡುಗ. ಆಯಿ ಬೆಳಗ್ಗೆಯೇ ಎರೆದುಕೊಂಡು ಇಳಕಲ್ ಸೀರೆ ಉಟ್ಟು ಸೆರಗು ಹೊದ್ದು ಪಡಸಾಲೆಯಲ್ಲಿ ಕೂತಿದ್ದಳು. ಪಡಸಾಲೆಯಲ್ಲಿ, ಎಲ್ಲರ ಮುಂದೆ. ಅವರು ರಟ್ಟಿನ ಮರೆ ಇಟ್ಟು ಮತಪತ್ರ ಕೊಟ್ಟರು, ಆಕೆ ಗುರುತು ಮಾಡಿ ಮಡಚಿ ಕೊಟ್ಟಳು. ಚಹಾ ಬೇಡ ಅಂದರು, ನೀರು ಕುಡಿದರು. ಎದ್ದು ಹೊರಟಾಗ ಆಯಿ ಕೇಳಿದಳು, "ಮತ್ತ ಯಾವಾಗ ಬರ್ತೀರಿ ಯಪ್ಪಾ?" ಐದು ವರ್ಷಕ್ಕೆ ಅಂತ ಹೇಳಲು ಆ ಸಾಹೇಬರಿಗೆ ಬಾಯಿ ಬರಲಿಲ್ಲ. ಬರ್ತೀವಿ ಅಜ್ಜಿ, ಅಂದರು. ಆಕೆ ಈಗಲೂ ಕೇಳುತ್ತಿರುತ್ತಾಳೆ, ಅವರು ಬರ್ತೀನಿ ಅಂದಿದ್ದರು, ಬರಲೇ ಇಲ್ಲ ಅಂತ.

ವಿರೋಧ: ಅಪ್ಪನನ್ನು ವೇದಿಕೆಗೆ ಕರೆದೊಯ್ದ ದಿನ

ಆ ತಂಗಿ ಬರೆದದ್ದನ್ನು ಎರಡು ಸಲ ಓದಿದೆ. ಆಯಿ ಅಡುಗೆಮನೆಯಲ್ಲಿ ಉಳಿದ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ, ಅದು ನಿಜ. ಆದರೂ ನಾನು ಬೇಡ ಅಂತಲೇ ಹೇಳುತ್ತೇನೆ. ಯಾಕೆಂದರೆ ನಮ್ಮ ಅಪ್ಪನಿಗೆ ಇಂಥ ಗೌರವ ಒಮ್ಮೆ ಸಿಕ್ಕಿದೆ, ಅದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ.

ಅಪ್ಪ ಬೆಟಗೇರಿಯ ನೇಕಾರ. ಹತ್ತು-ಹನ್ನೆರಡು ವರ್ಷದಿಂದ ಹಿಡಿದು ಕಣ್ಣು ಮಂಜಾಗುವವರೆಗೆ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವರು. ತೊಂಬತ್ತು ತುಂಬಿದವರನ್ನು ಸನ್ಮಾನ ಮಾಡುತ್ತೇವೆ, ಹತ್ತು ಗಂಟೆಗೆ ಕರೆದುಕೊಂಡು ಬನ್ನಿ ಅಂತ ಹೇಳಿ ಕಳಿಸಿದರು. ಅಪ್ಪ ಖುಷಿಯಾಗಿಯೇ ಹೊರಟರು. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ಟೊಪ್ಪಿಗೆ. ಒಂಬತ್ತೂವರೆಗೇ ಹೋಗಿ ವೇದಿಕೆ ಮೇಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಅವರ ಜೊತೆ ಇನ್ನೂ ಏಳೆಂಟು ಜನ ಹಿರಿಯರಿದ್ದರು. ಮುಖ್ಯ ಅತಿಥಿಗಳು ಬಂದಾಗ ಹನ್ನೆರಡೂವರೆ. ಆಮೇಲೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಹಚ್ಚುವುದು, ಅತಿಥಿಗಳಿಗೆ ಹಾರ, ನಾಲ್ಕು ಭಾಷಣ. ಅಪ್ಪ ಎರಡೂ ಕೈ ಮೊಣಕಾಲ ನಡುವೆ ಒತ್ತಿ ಹಿಡಿದು ಕೂತಿದ್ದರು. ಚಳಿ ಇರಲಿಲ್ಲ, ಪೆಂಡಾಲಿನ ಕೆಳಗೆ ಬೆವರು ಇಳಿಯುತ್ತಿತ್ತು. ನನಗೆ ಆಗ ತಿಳಿಯಲಿಲ್ಲ. ಶಾಲು ಹೊದಿಸುವಾಗ ಏಳಿ ಅಂದರೆ ಅವರು ಏಳಲಿಲ್ಲ, ಕೂತೇ ಹೊದಿಸಿದರು, ಫೋಟೋ ಆಯಿತು. ಎಲ್ಲ ಮುಗಿದು ಜನ ಇಳಿದ ಮೇಲೆ ನಾನು ಹತ್ತಿರ ಹೋದೆ. ಧೋತರ ಒದ್ದೆಯಾಗಿತ್ತು.

ಆಟೋದಲ್ಲಿ ಅವರು ಆ ಶಾಲನ್ನೇ ಮಡಿಲ ಮೇಲೆ ಹರಡಿಕೊಂಡು ಕೂತಿದ್ದರು. ಒಂದು ಮಾತಿಲ್ಲ. ಮನೆಗೆ ಬಂದು ಬೇರೆ ಧೋತರ ಕೇಳಿದರು, ಉಟ್ಟುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದರು. ರಾತ್ರಿ ಊಟ ಮಾಡಲಿಲ್ಲ. ಮರುದಿನ ಶಾಲಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ, "ಇದ್ರಾಗ ಒಂದೆಳಿ ಹತ್ತಿ ಇಲ್ಲ" ಅಂದರು. ಆ ದಿನದ ಬಗ್ಗೆ ಅವರು ಆಡಿದ್ದು ಅಷ್ಟೇ ಮಾತು.

ವೇದಿಕೆ ಬೇಡ, ಮೂರು ಜನ ಸಾಕು ಅಂತ ತಂಗಿ ಬರೆದಿದ್ದಾಳೆ. ಶುರುವಾಗುವುದು ಹಾಗೇ. ಮನೆಗೆ ಹೋಗಿ ಮಾತಾಡಿಸುವುದು ಮನುಷ್ಯರ ಕೆಲಸ, ಅದಕ್ಕೆ ಆದೇಶ ಬೇಕಿಲ್ಲ. ಆದೇಶ ಅಂತ ಒಂದು ಬಂದ ಮೇಲೆ ಅದಕ್ಕೆ ದುಡ್ಡು ಬರುತ್ತದೆ, ಖರ್ಚು ಮಾಡಿದ್ದಕ್ಕೆ ಫೋಟೋ ಕಳಿಸಬೇಕಾಗುತ್ತದೆ, ಫೋಟೋದಲ್ಲಿ ಯಾರಿರಬೇಕು ಅನ್ನುವ ಪ್ರಶ್ನೆ ಬರುತ್ತದೆ. ಹತ್ತು ಮನೆಗೆ ಹೋಗುವ ಬದಲು ಹತ್ತು ಜನರನ್ನು ಒಂದೇ ಕಡೆ ಕರೆಸಿದರೆ ಸುಲಭ ಅಂತ ಯಾರಿಗೋ ಅನ್ನಿಸುತ್ತದೆ. ಆಗ ಮತ್ತೆ ಆಯಿಯೇ ಹೊರಡಬೇಕು. ನಮ್ಮ ಅಪ್ಪನ ವಿಷಯದಲ್ಲೂ ಯಾರೂ ಕೆಟ್ಟ ಮನಸ್ಸಿನಿಂದ ಮಾಡಿರಲಿಲ್ಲ. ಕುರ್ಚಿ ಹಾಕಿದ್ದರು, ನೀರಿನ ಬಾಟಲಿ ಕೊಟ್ಟಿದ್ದರು. ತೊಂಬತ್ತು ವರ್ಷದ ದೇಹ ಎಷ್ಟು ಹೊತ್ತು ತಡೆದುಕೊಳ್ಳುತ್ತದೆ ಅಂತ ಮಾತ್ರ ಯಾರೂ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ.

ಇನ್ನು ದಾಖಲೆಯ ಮಾತು. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಈಗ ತೊಂಬತ್ತು ನೂರು ಆದವರ ಹತ್ತಿರ ಜನನ ಪತ್ರ ಎಲ್ಲಿಂದ ಬರಬೇಕು? ಶಾಲೆಗೆ ಹೋದವರಿಗೆ ಮಾಸ್ತರರು ಬರೆದ ತಾರೀಖು ಇರುತ್ತದೆ, ಅದೂ ಬಹಳ ಜನರದ್ದು ಜೂನ್ 1. ಶಾಲೆ ಮೆಟ್ಟಿಲು ಹತ್ತದವರಿಗೆ ಅದೂ ಇಲ್ಲ. ಅಂದಾಜು ವಯಸ್ಸಿನ ಮೇಲೆ ಆಧಾರ್ ಮಾಡಿಸಿದಾಗ ಅಪ್ಪನಿಗೆ ನಾಲ್ಕು ವರ್ಷ ಕಡಿಮೆ ಬಂದಿದೆ ಅಂತ ನಮ್ಮ ಅತ್ತೆ ಹೇಳುತ್ತಾರೆ, ಅವರೇ ಅಪ್ಪನಿಗಿಂತ ಚಿಕ್ಕವರು, ಆದರೆ ಕಾರ್ಡಿನ ಪ್ರಕಾರ ದೊಡ್ಡವರು! ಒಂದೇ ಮನೆಯಲ್ಲಿ ಹೀಗಿದ್ದರೆ ಊರಲ್ಲಿ ಹೇಗೆ? ಒಬ್ಬರ ಮನೆಗೆ ಪತ್ರ ಬಂತು, ಎದುರು ಮನೆಯ ಅವರಿಗಿಂತ ಹಿರಿಯ ಮುದುಕಿಗೆ ಬರಲಿಲ್ಲ ಅಂದರೆ ಆ ಮುದುಕಿಗೆ ಏನಂತ ಹೇಳುತ್ತೀರಿ? ಗೌರವ ಸಿಗುವುದು ಕಾಗದ ಇದ್ದವರಿಗೆ. ಕಾಗದ ಇದ್ದವರು ಅಂದರೆ ಓದಿದವರು, ನೌಕರಿ ಮಾಡಿದವರು, ಆಗಲೇ ಪಿಂಚಣಿ ಇರುವವರು.

ಜಪಾನಿನ ಕಥೆಯ ಇನ್ನರ್ಧ ಹೇಳಬೇಕು. ಆ ಅಜ್ಜನ ವಿಷಯ ಹೊರಬಿದ್ದ ಮೇಲೆ ಎಲ್ಲ ಕಡೆ ಹುಡುಕಿದರು. ದಾಖಲೆಯಲ್ಲಿ ನೂರು ದಾಟಿ ಬದುಕಿದ್ದಾರೆ ಅಂತಿದ್ದ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಸುಳಿವೇ ಸಿಗಲಿಲ್ಲ. ಅಷ್ಟು ಅಚ್ಚುಕಟ್ಟಿನ ದೇಶದಲ್ಲಿ! ಬೆಳ್ಳಿ ಬಟ್ಟಲೂ ಹಾಗೇ. 1963ರಲ್ಲಿ ನೂರು ದಾಟಿದವರು 153 ಜನ ಇದ್ದರು, ಕೊಡಲು ಕಷ್ಟವಾಗಲಿಲ್ಲ. ಆಮೇಲೆ ಸಾವಿರಾರು ಜನ ಆದರು, ಬಟ್ಟಲು ಸಣ್ಣದಾಯಿತು, 2016ರಿಂದ ಬರೀ ಬೆಳ್ಳಿ ಲೇಪ. ನಮ್ಮಲ್ಲಿ ಅದು ಪಾಲಿಯೆಸ್ಟರ್ ಶಾಲಿನಿಂದಲೇ ಶುರುವಾಗುತ್ತದೆ.

ನನಗೆ ಇನ್ನೂ ಒಂದು ಸಂಕಟ ಇದೆ. ನೂರು ಅನ್ನುವ ಗೆರೆ ಯಾರು ಎಳೆದದ್ದು? ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ 96 ವರ್ಷ. ನಮ್ಮ ಗದಗಿನ ಪುಟ್ಟರಾಜ ಗವಾಯಿಗಳಿಗೂ 96. ನೂರು ಮುಟ್ಟಲಿಲ್ಲ ಅಂತ ಅವರ ಬದುಕಿಗೆ ಏನು ಕಡಿಮೆಯಾಯಿತು? ಅವರು ದೊಡ್ಡವರು, ಅವರ ಮಾತು ಬಿಡಿ. ನಮ್ಮ ಓಣಿಯಲ್ಲಿ ಅಪ್ಪನ ಜೊತೆ ಮಗ್ಗಕ್ಕೆ ಕೂತವರಲ್ಲಿ ಹೆಚ್ಚಿನವರು ಅರವತ್ತು, ಅರವತ್ತೈದಕ್ಕೇ ಹೋದರು. ಕೆಮ್ಮಿ ಕೆಮ್ಮಿ ಹೋದವರಿದ್ದಾರೆ, ಸಾಲಕ್ಕೆ ಹೆದರಿ ಹೋದವರಿದ್ದಾರೆ. ಅವರೂ ಅಷ್ಟೇ ದುಡಿದವರು. ಅಪ್ಪ ಉಳಿದದ್ದು ನಮ್ಮ ಅವ್ವ ತಾನು ಅರೆಹೊಟ್ಟೆ ಉಂಡು ಅವರಿಗೆ ಬಡಿಸಿದ್ದರಿಂದ ಅಂತ ನಾನು ನಂಬಿದ್ದೇನೆ. ಅವ್ವ 58ಕ್ಕೆ ಹೋದಳು. ಶಾಲು ಯಾರ ಹೆಗಲ ಮೇಲೆ ಬಿತ್ತು ನೋಡಿ.

ಸನ್ಮಾನ ಆದ ಮೂರು-ನಾಲ್ಕು ತಿಂಗಳಿಗೆ ಅಪ್ಪನ ಸಂಧ್ಯಾ ಸುರಕ್ಷಾ ಪಿಂಚಣಿ ಕೈಗೆ ಬರುವುದು ನಿಂತಿತು. ತಿಂಗಳಿಗೆ 1,200 ರೂಪಾಯಿ. ದೊಡ್ಡ ಮೊತ್ತ ಅಲ್ಲ, ಆದರೆ ಅವರ ಕೈಯಲ್ಲಿ ಅವರದೇ ಅಂತ ಇದ್ದ ದುಡ್ಡು ಅದೊಂದೇ. ಎಲೆ-ಅಡಿಕೆ, ಮೊಮ್ಮಕ್ಕಳಿಗೆ ಹತ್ತಿಪ್ಪತ್ತು ರೂಪಾಯಿ, ಶ್ರಾವಣದಲ್ಲಿ ಮಠಕ್ಕೆ ಕಾಣಿಕೆ, ಎಲ್ಲ ಅದರಲ್ಲೇ. ದುಡ್ಡು ಖಾತೆಗೆ ಬೀಳುತ್ತಿತ್ತು, ತೆಗೆಯಲು ಬೆರಳು ಹಿಡಿಯುತ್ತಿರಲಿಲ್ಲ. ಎಂಬತ್ತು ವರ್ಷ ನೂಲು ಹಿಡಿದು, ಎಳೆ ಗಂಟು ಹಾಕಿ ಹಾಕಿ ಬೆರಳ ತುದಿಯ ಗೆರೆಗಳೇ ಸವೆದಿವೆ. ಹೆಬ್ಬೆರಳು ನುಣ್ಣಗೆ ಲಾಳಿಯ ಹಾಗೆ ಇದೆ. ಯಂತ್ರದ ಮೇಲೆ ಇಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೆ ಮತ್ತೆ ಕೆಂಪು ದೀಪ. ಎರಡು ಸಲ ಆಟೋ ಮಾಡಿ ಕರೆದೊಯ್ದೆ, ಎರಡು ಸಲವೂ ವಾಪಸ್. ಮೂರನೇ ಸಲ ಅಪ್ಪ ಬರಲು ಒಪ್ಪಲಿಲ್ಲ. ಗೋಡೆಯ ಮೇಲೆ ಅದೇ ಹೊತ್ತಿಗೆ ಚೌಕಟ್ಟು ಹಾಕಿಸಿದ ಸನ್ಮಾನ ಪತ್ರ ಇತ್ತು.

ಕೊನೆಗೆ ಪರಿಚಯದವರೊಬ್ಬರು ಪೋಸ್ಟ್‌ಮನ್‌ಗೆ ಹೇಳು, ಅವರು ಮನೆಗೇ ಯಂತ್ರ ತಂದು ದುಡ್ಡು ಕೊಡುತ್ತಾರೆ ಅಂದರು. ಹೇಳಿದೆ. ಒಂದು ಮಧ್ಯಾಹ್ನ ಚೀಲ ಹೆಗಲಿಗೇರಿಸಿಕೊಂಡು ಬಂದರು. ಚಿಕ್ಕ ವಯಸ್ಸಿನ ಹುಡುಗ. ಅಪ್ಪನ ಮಂಚದ ಪಕ್ಕ ನೆಲದ ಮೇಲೆಯೇ ಕೂತರು. ಒಂದು ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು ಕೇಳಿ ತರಿಸಿಕೊಂಡು, ಅಪ್ಪನ ಕೈಯನ್ನು ಅದರಲ್ಲಿ ಸ್ವಲ್ಪ ಹೊತ್ತು ಇಡಿಸಿ, ತಮ್ಮ ಕರವಸ್ತ್ರದಿಂದ ಒರೆಸಿ ಒಂದೊಂದೇ ಬೆರಳು ಇಟ್ಟು ನೋಡಿದರು. ಬಲಗೈಯ ಐದೂ ಆಗಲಿಲ್ಲ. "ಇರ್ಲಿ ಅಜ್ಜಾರ, ಇನ್ನೂ ಐದ ಅದಾವಲ್ಲ" ಅಂದರು. ಎಡಗೈಯ ಉಂಗುರದ ಬೆರಳು ಹಿಡಿಯಿತು. ಅಪ್ಪ ನೋಟು ಎಣಿಸಿ ದಿಂಬಿನ ಕೆಳಗೆ ಇಟ್ಟುಕೊಂಡರು. ಈಗ ಪ್ರತಿ ತಿಂಗಳು ಆ ಹುಡುಗ ಬರುವ ಹೊತ್ತಿಗೆ ಎಡಗೈ ತೊಳೆದುಕೊಂಡು ಕಾಯುತ್ತಾರೆ.